ಚಿಪ್ ಹಾಕಿದ್ದಾಯಿತು, ಮುಂದಿನ ಹತ್ತು ವರ್ಷ ಯಾರ ಹೊಣೆ?

2025ರ ಅಕ್ಟೋಬರ್‌ನಲ್ಲಿ ಕಣ್ಣು ಕಾಣದವರಿಗೆ ಮತ್ತೆ ಓದಲು ನೆರವಾದ ಚಿಪ್‌ನ ಸುದ್ದಿ ಎಲ್ಲ ಕಡೆ ಓಡಾಡಿತು. ಅದೇ ವರ್ಷದ ಕೊನೆಯ ದಿನ ಎಲಾನ್ ಮಸ್ಕ್ ಇನ್ನೊಂದು ಸುದ್ದಿ ಕೊಟ್ಟರು. ತಮ್ಮ ನ್ಯೂರಾಲಿಂಕ್ ಕಂಪನಿ 2026ರಲ್ಲಿ ಮಿದುಳಿನ ಇಂಪ್ಲಾಂಟ್‌ಗಳನ್ನು (ದೇಹದೊಳಗೆ ಕೂರಿಸುವ ಸಾಧನಗಳನ್ನು) ದೊಡ್ಡ ಸಂಖ್ಯೆಯಲ್ಲಿ ತಯಾರಿಸಲಿದೆ ಎಂದರು. ಇದರ ನಡುನಡುವೆ ‘ಮನಸ್ಸಿನ ಮಾತು ಓದುವ ಯಂತ್ರ’, ‘ಕಾಲಿನ ಸ್ವಾಧೀನ ಕಳೆದುಕೊಂಡವರು ಎದ್ದು ನಡೆದರು’ ಅನ್ನುವ ತಲೆಬರಹಗಳೂ ಬರುತ್ತಲೇ ಇವೆ.

ಇಷ್ಟನ್ನೂ ಓದಿದವರಿಗೆ ಸಹಜವಾಗಿ ಕೆಲವು ಪ್ರಶ್ನೆಗಳು ಏಳುತ್ತವೆ. ಇದು ಈಗ ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆಯಾ? ಮನೆಯಲ್ಲಿ ಲಕ್ವ ಹೊಡೆದವರಿದ್ದರೆ ಅವರಿಗೆ ಉಪಯೋಗಕ್ಕೆ ಬರುತ್ತದಾ? ತಲೆಯೊಳಗಿನ ಯೋಚನೆಯನ್ನು ಕಂಪನಿಯೊಂದು ಓದಿಬಿಡಬಹುದಾ? ಪ್ರತಿ ವರ್ಷವೂ ‘ಜಗತ್ತಿನಲ್ಲೇ ಮೊದಲು’ ಅಂತ ಸುದ್ದಿ ಬರುತ್ತದಲ್ಲ, ಹಾಗಾದರೆ ಹೋದ ವರ್ಷದ ಆ ‘ಮೊದಲು’ ಏನಾಯಿತು?

ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಬರುವ ಮೊದಲು ಸ್ವಲ್ಪ ಹಿನ್ನೆಲೆ ಬೇಕು.

ಯಾವುದು ಚಿಕಿತ್ಸೆ, ಯಾವುದು ಪ್ರಯೋಗ

ನರಕ್ಕೆ ಅಥವಾ ಮಿದುಳಿಗೆ ಕೂಡಿಸುವ ಉಪಕರಣ ಹೊಸದೇನಲ್ಲ. ಪ್ಯಾರಿಸ್‌ನಲ್ಲಿ ಜೂರ್ನೊ ಮತ್ತು ಐರಿಯೆಸ್ ಎಂಬ ಇಬ್ಬರು 1957ರಲ್ಲೇ ಕಿವಿ ಕೇಳದ ಒಬ್ಬರ ಶ್ರವಣ ನರಕ್ಕೆ ವಿದ್ಯುತ್ ಕೊಟ್ಟು ಶಬ್ದದ ಅನುಭವ ತರಿಸಿದ್ದರು. ಅಲ್ಲಿಂದ ಬೆಳೆದದ್ದೇ ಕಾಕ್ಲಿಯರ್ ಇಂಪ್ಲಾಂಟ್. ಮೆಲ್ಬರ್ನ್‌ನ ಗ್ರೇಮ್ ಕ್ಲಾರ್ಕ್ 1978ರಲ್ಲಿ ಹಲವು ಎಲೆಕ್ಟ್ರೋಡ್‌ಗಳ (ವಿದ್ಯುತ್ ಕೊಡುವ ಅಥವಾ ಹಿಡಿಯುವ ಸಣ್ಣ ಬಿಂದುಗಳ) ಸಾಧನವನ್ನು ಮೊದಲ ರೋಗಿಗೆ ಅಳವಡಿಸಿದರು. ಇವತ್ತಿಗೆ ಜಗತ್ತಿನಲ್ಲಿ 10 ಲಕ್ಷಕ್ಕೂ ಹೆಚ್ಚು ಕಾಕ್ಲಿಯರ್ ಇಂಪ್ಲಾಂಟ್‌ಗಳನ್ನು ಹಾಕಲಾಗಿದೆ.

ಎರಡನೆಯದು ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಡೀಪ್ ಬ್ರೈನ್ ಸ್ಟಿಮ್ಯುಲೇಷನ್. ಮಿದುಳಿನ ಆಳಕ್ಕೆ ತೆಳ್ಳನೆಯ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಕೂರಿಸಿ, ಸಣ್ಣ ವಿದ್ಯುತ್ ಮಿಡಿತ ಕಳಿಸುತ್ತಾರೆ. ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಆಲಿಮ್ ಲೂಯಿ ಬೆನಬಿ 1987ರಲ್ಲಿ ಈಗಿನ ರೀತಿಯ ಈ ಚಿಕಿತ್ಸೆಗೆ ದಾರಿ ಹಾಕಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಇದನ್ನು ಮಾಡಿಸಿಕೊಂಡಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ.

ಈ ಎರಡೂ ಈಗಾಗಲೇ ಚಿಕಿತ್ಸೆಗಳೇ. ವೈದ್ಯರು ಚೀಟಿ ಬರೆದು ಕೊಡಬಹುದಾದವು.

ಸುದ್ದಿಯಲ್ಲಿ ಜಾಸ್ತಿ ಬರುವ ಉಳಿದವು ಹೆಚ್ಚುಕಮ್ಮಿ ಎಲ್ಲವೂ ಪ್ರಯೋಗದ ಹಂತದಲ್ಲಿವೆ. ಯೋಚನೆಯಿಂದ ಕಂಪ್ಯೂಟರ್ ನಡೆಸುವುದು, ರೋಬೋ ಕೈ ಅಲ್ಲಾಡಿಸುವುದು, ಕಳೆದುಹೋದ ಮಾತನ್ನು ಮರಳಿ ಕೊಡುವುದು ಎಲ್ಲ ಇದೇ ಗುಂಪಿಗೆ ಸೇರುತ್ತವೆ. ಇಷ್ಟು ಸದ್ದು ಮಾಡಿರುವ ನ್ಯೂರಾಲಿಂಕ್‌ನ ಸಾಧನವನ್ನು 2025ರ ಸೆಪ್ಟೆಂಬರ್ ಹೊತ್ತಿಗೆ ಹಾಕಿಸಿಕೊಂಡಿದ್ದವರು 12 ಜನ. 10 ಲಕ್ಷದ ಪಕ್ಕದಲ್ಲಿ 12. ಸುದ್ದಿಯ ಗಾತ್ರಕ್ಕೂ ಬಳಕೆಯ ಗಾತ್ರಕ್ಕೂ ಎಷ್ಟು ಅಂತರ ಇದೆ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಒಂದು ಕೊಂಡಿ ಕಳಚಿದಾಗ

ಈ ಸಾಧನಗಳೆಲ್ಲ ಒಂದೇ ತತ್ವದ ಮೇಲೆ ನಿಂತಿವೆ. ಹೊಳೆಯ ಸೇತುವೆ ಕುಸಿದರೆ ಎರಡೂ ದಡದ ರಸ್ತೆ ಚೆನ್ನಾಗಿದ್ದರೂ ಬಸ್ಸು ಊರು ತಲುಪುವುದಿಲ್ಲ. ದೇಹದಲ್ಲೂ ಎಷ್ಟೋ ಸಲ ಕೆಡುವುದು ನಡುವಿನ ಒಂದು ಕೊಂಡಿ ಮಾತ್ರ. ಅದರ ಆಚೆ ಈಚೆ ಇರುವುದು ಇನ್ನೂ ಜೀವಂತವಾಗಿರುತ್ತದೆ.

ಹುಟ್ಟಿನಿಂದ ಕಿವಿ ಕೇಳದ ಬಹಳಷ್ಟು ಮಕ್ಕಳಲ್ಲಿ ಕೆಟ್ಟಿರುವುದು ಒಳಕಿವಿಯ ಸೂಕ್ಷ್ಮ ಕೂದಲ ಕೋಶಗಳು. ಶ್ರವಣ ನರ ಸರಿಯಾಗಿಯೇ ಇರುತ್ತದೆ. ಹಾಗಾಗಿ ಕೋಶಗಳ ಕೆಲಸವನ್ನು ಎಲೆಕ್ಟ್ರೋಡ್ ಮಾಡಿದರೆ ನರ ಅದನ್ನು ಮಿದುಳಿಗೆ ಮುಟ್ಟಿಸುತ್ತದೆ. ಕುತ್ತಿಗೆಯ ಬಳಿ ಬೆನ್ನುಹುರಿ ತುಂಡಾದವರಲ್ಲಿ ‘ಕೈ ಎತ್ತು’ ಎಂದು ಆಜ್ಞೆ ಕೊಡುವ ಮಿದುಳಿನ ಭಾಗ ವರ್ಷಗಳ ನಂತರವೂ ಆಜ್ಞೆ ಕೊಡುತ್ತಲೇ ಇರುತ್ತದೆ. ಅದು ಕೈಗೆ ತಲುಪುವುದಿಲ್ಲ, ಅಷ್ಟೇ.

ಅಕ್ಟೋಬರ್‌ನ ಸುದ್ದಿಯಲ್ಲಿದ್ದ ಕಣ್ಣಿನ ಚಿಪ್ಪಿನ ಹೆಸರು ಪ್ರೀಮಾ. ಸ್ಟ್ಯಾನ್‌ಫರ್ಡ್‌ನ ಡೇನಿಯಲ್ ಪಲಾಂಕರ್ ಇದರ ಮೂಲ ವಿನ್ಯಾಸಕಾರರು. ವಯಸ್ಸಾದವರಲ್ಲಿ ಕಣ್ಣಿನ ಹಿಂಭಾಗದ ಪದರವಾದ ರೆಟಿನಾದ ನಡುಭಾಗ ಸವೆದು, ಬೆಳಕು ಹಿಡಿಯುವ ಕೋಶಗಳು ಸಾಯುವ ಒಂದು ಕಾಯಿಲೆ ಇದೆ. ಅವುಗಳ ಹಿಂದಿನ ಸಾಲಿನ ಕೋಶಗಳು ಬದುಕಿರುತ್ತವೆ. 2 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ಅಗಲದ ಈ ಚಿಪ್ಪನ್ನು ಆ ಜಾಗದಲ್ಲಿ ರೆಟಿನಾದ ಕೆಳಗೆ ತೂರಿಸುತ್ತಾರೆ. ಕ್ಯಾಮೆರಾ ಇರುವ ಕನ್ನಡಕ ಎದುರಿನ ದೃಶ್ಯವನ್ನು ಕಣ್ಣಿಗೆ ಕಾಣದ ಅವಕೆಂಪು ಬೆಳಕಾಗಿ ಚಿಪ್ಪಿನ ಮೇಲೆ ಬಿಡುತ್ತದೆ. ಚಿಪ್ಪಿನ 378 ಬಿಂದುಗಳು ಆ ಬೆಳಕನ್ನು ವಿದ್ಯುತ್ತಾಗಿಸಿ ಬದುಕಿರುವ ಕೋಶಗಳಿಗೆ ಕೊಡುತ್ತವೆ. ಚಿಪ್ಪಿಗೆ ತಂತಿಯೂ ಇಲ್ಲ, ಬ್ಯಾಟರಿಯೂ ಇಲ್ಲ.

ಯುರೋಪಿನ 5 ದೇಶಗಳಲ್ಲಿ 38 ಜನರಿಗೆ ಇದನ್ನು ಹಾಕಿದರು. ಒಂದು ವರ್ಷದ ಪರೀಕ್ಷೆಗೆ ಸಿಕ್ಕಿದ 32 ಜನರಲ್ಲಿ 26 ಮಂದಿಗೆ ಅಕ್ಷರ ಗುರುತಿಸುವ ಶಕ್ತಿ ಗಮನಾರ್ಹವಾಗಿ ಸುಧಾರಿಸಿತು. ಇದು ನಿಜಕ್ಕೂ ದೊಡ್ಡ ಫಲಿತಾಂಶ. ಆದರೆ ಕಾಣುವುದು ಬಣ್ಣವಿಲ್ಲದ, ದೊಡ್ಡದು ಮಾಡಿ ತೋರಿಸಿದ ಚಿತ್ರ. ಅದನ್ನು ಓದಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. 19 ಜನರಿಗೆ ಗಂಭೀರ ಅಡ್ಡಪರಿಣಾಮಗಳೂ ಆದವು. ಅವುಗಳಲ್ಲಿ ಹೆಚ್ಚಿನವು ಮೊದಲ ಎರಡು ತಿಂಗಳಲ್ಲಿ ಕಾಣಿಸಿಕೊಂಡು ವಾಸಿಯಾದವು.

ಯಾರಿಗೆ ಉಪಯೋಗ ಇಲ್ಲ ಅನ್ನುವುದೂ ಈ ತತ್ವದಿಂದಲೇ ತಿಳಿಯುತ್ತದೆ. ಗ್ಲಾಕೋಮಾದಿಂದ ಕಣ್ಣಿನ ನರವೇ ಸತ್ತಿದ್ದರೆ ರೆಟಿನಾದಲ್ಲಿ ಚಿಪ್ ಇಟ್ಟು ಪ್ರಯೋಜನ ಇಲ್ಲ. ಇನ್ನು ಭಾರತದಲ್ಲಿ ಅಂಧತ್ವಕ್ಕೆ ಮೊದಲ ಕಾರಣ ಕಣ್ಣಿನ ಪೊರೆ. ಅದಕ್ಕೆ ಚಿಪ್ ಬೇಕಿಲ್ಲ, ಒಂದು ಸಣ್ಣ ಆಪರೇಷನ್ ಸಾಕು. ಸುದ್ದಿ ನೋಡಿ ಆಸೆ ಇಟ್ಟುಕೊಳ್ಳುವ ಮೊದಲು ತಮ್ಮ ಮನೆಯವರಿಗೆ ಕಳಚಿರುವುದು ಯಾವ ಕೊಂಡಿ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು.

ಮಾತು ಮರಳಿದ ಬಗೆ

ಈ ಕ್ಷೇತ್ರದಲ್ಲಿ ಅತಿ ವೇಗವಾಗಿ ಮುಂದೆ ಹೋಗಿರುವುದು ಮಾತು.

ಮಿದುಳಿನಿಂದ ನೇರವಾಗಿ ಕಂಪ್ಯೂಟರ್ ನಡೆಸುವ ದೀರ್ಘಕಾಲದ ಪ್ರಯೋಗ 2004ರಲ್ಲಿ ಅಮೆರಿಕದ ಬ್ರೈನ್‌ಗೇಟ್ ತಂಡದಿಂದ ಶುರುವಾಯಿತು. ಅವರು ಬಳಸಿದ್ದು ಯೂಟಾ ಅರೇ ಎಂಬ 4 ಮಿಲಿಮೀಟರಿನ ಚೌಕ. ಅದರಲ್ಲಿ ಸುಮಾರು ನೂರು ಸಣ್ಣ ಸೂಜಿಗಳು. ಅದನ್ನು ಕೈಯ ಚಲನೆ ನೋಡಿಕೊಳ್ಳುವ ಮಿದುಳಿನ ಮೇಲ್ಪದರಕ್ಕೆ ಚುಚ್ಚುತ್ತಾರೆ. ಪ್ರತಿ ಸೂಜಿ ಅಕ್ಕಪಕ್ಕದ ಕೆಲವು ನರಕೋಶಗಳ ಮಿಡಿತ ಹಿಡಿಯುತ್ತದೆ. ‘ಕೈಯನ್ನು ಬಲಕ್ಕೆ ಸರಿಸಲು ಪ್ರಯತ್ನಿಸಿ’ ಎಂದಾಗ ಒಂದು ಬಗೆಯ ಮಿಡಿತ, ಎಡಕ್ಕೆ ಎಂದಾಗ ಇನ್ನೊಂದು ಬಗೆ. ಕಂಪ್ಯೂಟರ್ ಈ ವ್ಯತ್ಯಾಸ ಕಲಿಯುತ್ತದೆ. ಕಲಿತ ಮೇಲೆ ಪರದೆಯ ಮೇಲಿನ ಬಾಣವನ್ನು ಆ ಕಡೆಗೆ ಸರಿಸುತ್ತದೆ.

ಆರಂಭದಲ್ಲಿ ಬಾಣ ಸರಿಸಿ ಒಂದೊಂದೇ ಅಕ್ಷರ ಆರಿಸಬೇಕಿತ್ತು. 2021ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಬೇರೆ ದಾರಿ ಹಿಡಿಯಿತು. ಪೆನ್ನು ಹಿಡಿದು ಬರೆಯುತ್ತಿದ್ದೇನೆ ಎಂದು ಪ್ರಯತ್ನಿಸಲು ಹೇಳಿ, ಆ ಕೈಬರಹದ ಮಿಡಿತವನ್ನೇ ಅಕ್ಷರ ಮಾಡಿದರು. ನಿಮಿಷಕ್ಕೆ 90 ಅಕ್ಷರ ಬಂತು. ಎರಡು ವರ್ಷದಲ್ಲಿ ಅದೂ ಹಳತಾಯಿತು. 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಮಾತಾಡುವ ಪ್ರಯತ್ನದಿಂದಲೇ ನಿಮಿಷಕ್ಕೆ 62 ಪದ ಹೊರಡಿಸಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಡ್ವರ್ಡ್ ಚಾಂಗ್ ಅವರ ತಂಡ, ಪಾರ್ಶ್ವವಾಯುವಿನಿಂದ ಮಾತು ಹೋಗಿದ್ದ ಒಬ್ಬ ಮಹಿಳೆಯಿಂದ 78 ಪದ ಪಡೆಯಿತು. ಸಾಮಾನ್ಯ ಇಂಗ್ಲಿಷ್ ಮಾತು ನಿಮಿಷಕ್ಕೆ 150 ಪದದ ಆಸುಪಾಸು ಇರುತ್ತದೆ. ಅಂದರೆ ಅರ್ಧ ದಾರಿ ಬಂದಾಯಿತು.

ವೇಗಕ್ಕಿಂತ ನಿಖರತೆಯ ಕಥೆ ಇನ್ನೂ ಮಹತ್ವದ್ದು. ಚಾಂಗ್ ಅವರ ಪ್ರಯೋಗದಲ್ಲಿ ನಾಲ್ಕರಲ್ಲಿ ಒಂದು ಪದ ತಪ್ಪುತ್ತಿತ್ತು. ದಿನದ ಮಾತುಕತೆಗೆ ಅದು ಸಾಲದು. 2024ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ತಂಡ, ಸ್ನಾಯುಗಳ ಮೇಲಿನ ಹಿಡಿತ ಕ್ರಮೇಣ ತಪ್ಪಿಸುವ ಎಎಲ್‌ಎಸ್ ಎಂಬ ನರದ ಕಾಯಿಲೆಯಿಂದ ಮಾತು ಯಾರಿಗೂ ಅರ್ಥವಾಗದ ಸ್ಥಿತಿಗೆ ಬಂದಿದ್ದ ಒಬ್ಬರಲ್ಲಿ ಸುಮಾರು 97 ಶೇಕಡ ನಿಖರತೆ ತೋರಿಸಿತು. ಅದೂ 1,25,000 ಪದಗಳ ಶಬ್ದಸಂಗ್ರಹದಲ್ಲಿ, ತಿಂಗಳುಗಳ ಕಾಲ. ಕಾಯಿಲೆಗೆ ಮುಂಚಿನ ಅವರ ಧ್ವನಿಮುದ್ರಣಗಳಿಂದ ಅವರದೇ ಧ್ವನಿಯನ್ನು ಕಟ್ಟಿ, ಕಂಪ್ಯೂಟರ್ ಆ ಧ್ವನಿಯಲ್ಲೇ ಓದುವಂತೆ ಮಾಡಿದರು.

ಇಲ್ಲಿ ಹಿಡಿಯುತ್ತಿರುವುದು ‘ಅರ್ಥ’ ಅಲ್ಲ ಅನ್ನುವುದನ್ನು ಗಮನಿಸಬೇಕು. ನಾಲಿಗೆ, ತುಟಿ, ದವಡೆ, ಗಂಟಲಿಗೆ ಮಿದುಳು ಕಳಿಸುವ ಆಜ್ಞೆಗಳನ್ನು ಹಿಡಿಯುತ್ತಾರೆ. ಅದರಿಂದ ಧ್ವನಿಗಳನ್ನು ಊಹಿಸುತ್ತಾರೆ. ಆ ಧ್ವನಿಗಳ ಸಾಲಿನಿಂದ ಯಾವ ವಾಕ್ಯ ಆಗಿರಬಹುದು ಎಂದು ಭಾಷಾ ಮಾದರಿಯೊಂದು ತೀರ್ಮಾನಿಸುತ್ತದೆ. ಮೊಬೈಲ್ ಕೀಬೋರ್ಡ್ ಮುಂದಿನ ಪದ ಸೂಚಿಸುತ್ತದಲ್ಲ, ಆ ತಂತ್ರದ ದೊಡ್ಡಣ್ಣ ಇದು. ಈಚೆಗಿನ ಜಿಗಿತಕ್ಕೆ ಸೂಜಿಗಳ ಸುಧಾರಣೆಯಷ್ಟೇ, ಬಹುಶಃ ಅದಕ್ಕಿಂತ ಹೆಚ್ಚು, ಈ ಸಾಫ್ಟ್‌ವೇರ್ ಕಾರಣ.

ಕಾಲಿನ ವಿಚಾರ ಚಿಕ್ಕದಾಗಿ ಹೇಳಿ ಮುಗಿಸಬಹುದು. ಸ್ವಿಟ್ಜರ್ಲೆಂಡ್‌ನ ಲೋಸಾನ್‌ನಲ್ಲಿ ಗ್ರೆಗ್ವಾರ್ ಕೂರ್ಟಿನ್ ಮತ್ತು ಜೋಸ್ಲಿನ್ ಬ್ಲಾಕ್, ಗಾಯಕ್ಕಿಂತ ಕೆಳಗಿನ ಬೆನ್ನುಹುರಿಗೆ ವಿದ್ಯುತ್ ಕೊಟ್ಟು ಕಾಲು ಅಲ್ಲಾಡಿಸಿದರು. 2023ರಲ್ಲಿ ಮಿದುಳಿನ ಸಂಕೇತವನ್ನೇ ಅದಕ್ಕೆ ಜೋಡಿಸಿದರು. ರೋಗಿ ಆಧಾರ ಹಿಡಿದು ನಡೆದರು. ಅವರ ಬೆನ್ನುಹುರಿ ಪೂರ್ತಿ ತುಂಡಾಗಿರಲಿಲ್ಲ ಅನ್ನುವುದನ್ನು ತಲೆಬರಹಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಹಾಗಾದರೆ ಮನಸ್ಸು ಓದಬಹುದಾ?

ಇಷ್ಟರವರೆಗಿನ ಪ್ರಯೋಗಗಳಲ್ಲಿ ಉತ್ತರ ಸುಲಭವಾಗಿತ್ತು. ಓದಲಾಗುವುದಿಲ್ಲ. ವ್ಯಕ್ತಿ ಮಾತಾಡಲು ಪ್ರಯತ್ನಪಟ್ಟರೆ ಮಾತ್ರ ಸಂಕೇತ ಸಿಗುತ್ತದೆ. ಗಂಟೆಗಟ್ಟಲೆ ಕೂತು ಕಂಪ್ಯೂಟರಿಗೆ ಕಲಿಸಬೇಕು. ಒಬ್ಬರ ಮಿದುಳಿನಿಂದ ಕಲಿತದ್ದು ಇನ್ನೊಬ್ಬರಿಗೆ ಹಾಗೇ ನಡೆಯುವುದಿಲ್ಲ.

2025ರ ಆಗಸ್ಟ್‌ನಲ್ಲಿ ಈ ಗೆರೆ ಸ್ವಲ್ಪ ಮಸುಕಾಯಿತು. ಎಎಲ್‌ಎಸ್ ರೋಗಿಗಳಿಗೆ ಮಾತಿನ ಪ್ರಯತ್ನವೇ ದಣಿವು ತರುತ್ತದೆ. ಹಾಗಾಗಿ ಸ್ಟ್ಯಾನ್‌ಫರ್ಡ್ ತಂಡ, ಮನಸ್ಸಿನಲ್ಲೇ ಸುಮ್ನೆ ಹೇಳಿಕೊಂಡ ಮಾತನ್ನು ಹಿಡಿಯಬಹುದಾ ಎಂದು 4 ಜನರಲ್ಲಿ ನೋಡಿತು. ಹಿಡಿಯಬಹುದಿತ್ತು. ನಿಖರತೆ ಹೆಚ್ಚೆಂದರೆ 74 ಶೇಕಡ. ತೊಂದರೆ ಏನೆಂದರೆ, ಹೇಳಲು ಉದ್ದೇಶಿಸದ ಮಾತೂ ಕೆಲವೊಮ್ಮೆ ಸಿಕ್ಕಿಬಿತ್ತು. ಪರದೆಯ ಮೇಲಿನ ಆಕಾರಗಳನ್ನು ಮನಸ್ಸಿನಲ್ಲಿ ಎಣಿಸುತ್ತಿದ್ದಾಗ ಆ ಸಂಖ್ಯೆಗಳ ಸುಳಿವು ಸಂಕೇತದಲ್ಲಿ ಕಂಡಿತು.

ಸಂಶೋಧಕರು ಇದನ್ನು ಮುಚ್ಚಿಡಲಿಲ್ಲ. ಅದೇ ಪ್ರಬಂಧದಲ್ಲಿ ಪರಿಹಾರವನ್ನೂ ಪರೀಕ್ಷಿಸಿದರು. ಮನಸ್ಸಿನಲ್ಲಿ ಒಂದು ಗುಟ್ಟಿನ ಪದಗುಚ್ಛ ಹೇಳಿಕೊಂಡರೆ ಮಾತ್ರ ಯಂತ್ರ ತೆರೆದುಕೊಳ್ಳುತ್ತದೆ. ಆ ಬೀಗ 98 ಶೇಕಡಕ್ಕೂ ಹೆಚ್ಚು ಸಲ ಸರಿಯಾಗಿ ಕೆಲಸ ಮಾಡಿತು. ಸದ್ಯದ ಮಟ್ಟಿಗೆ, ತಲೆಬುರುಡೆ ತೆರೆದು ಸೂಜಿ ಇಡದೆ, ನಮ್ಮ ಸಹಕಾರ ಇಲ್ಲದೆ ಯಾರೂ ನಮ್ಮ ಒಳಮಾತು ಓದಲಾರರು. ಆದರೆ ಸೂಜಿ ಇಟ್ಟುಕೊಂಡವರಿಗೆ ‘ಯಾವಾಗ ಆಫ್ ಮಾಡಬಹುದು’ ಅನ್ನುವುದು ಈಗ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಬರುವುದು ಕಾನೂನಿಗಿಂತ ಮೊದಲು ವಿನ್ಯಾಸದಿಂದ.

ಮೆತ್ತನೆ ಮಿದುಳು, ಗಟ್ಟಿ ಸೂಜಿ

ಓದುವ ಕೆಲಸ ಒಂದು ಮಟ್ಟಿಗೆ ಗೆದ್ದಾಯಿತು. ಗೆಲ್ಲದಿರುವುದು ಬಾಳಿಕೆ.

ಮಿದುಳು ಬಹಳ ಮೆತ್ತಗೆ. ಉಸಿರಾಡಿದಾಗ, ನಾಡಿ ಬಡಿದಾಗ ಅದು ಸಣ್ಣಗೆ ಅಲುಗುತ್ತದೆ. ಸಿಲಿಕಾನ್ ಸೂಜಿ ಅಲುಗುವುದಿಲ್ಲ. ಈ ಉಜ್ಜಾಟಕ್ಕೆ ಅಂಗಾಂಶ ಉರಿಯೂತದಿಂದ ಉತ್ತರಿಸುತ್ತದೆ. ಸೂಜಿಯ ಸುತ್ತ ಗಾಯದ ಕಲೆಯಂಥ ಪದರ ಕಟ್ಟುತ್ತದೆ. ನರಕೋಶ ಮತ್ತು ಎಲೆಕ್ಟ್ರೋಡ್ ದೂರವಾಗುತ್ತವೆ, ಸಂಕೇತ ಕ್ಷೀಣಿಸುತ್ತದೆ. ಜೊತೆಗೆ ಹಳೆಯ ಸಾಧನಗಳಲ್ಲಿ ತಲೆಯಿಂದ ತಂತಿ ಹೊರಗೆ ಬರುತ್ತದೆ. ಅಲ್ಲಿ ಸೋಂಕಿನ ಭಯ ಯಾವಾಗಲೂ ಇದ್ದದ್ದೇ.

ಹೊಸ ಕಂಪನಿಗಳ ಜಗಳ ಇರುವುದು ಇಲ್ಲೇ. ನ್ಯೂರಾಲಿಂಕ್ ಗಟ್ಟಿ ಸೂಜಿಯ ಬದಲು ಬಾಗುವ 64 ಎಳೆಗಳಲ್ಲಿ 1,024 ಎಲೆಕ್ಟ್ರೋಡ್ ಇಟ್ಟಿದೆ. ರೋಬೋ ಹೊಲಿಗೆ ಹಾಕುವಂತೆ ಅವುಗಳನ್ನು ಕೂರಿಸುತ್ತದೆ. ತಂತಿ ಹೊರಗೆ ಬರುವುದಿಲ್ಲ. 2024ರ ಜನವರಿಯಲ್ಲಿ ಇದನ್ನು ಹಾಕಿಸಿಕೊಂಡ ಮೊದಲ ವ್ಯಕ್ತಿ ನೋಲಂಡ್ ಆರ್ಬಾ ಅವರಲ್ಲಿ ಕೆಲವೇ ವಾರದಲ್ಲಿ ಸುಮಾರು 85 ಶೇಕಡ ಎಳೆಗಳು ಜಾಗ ಬಿಟ್ಟು ಹಿಂದೆ ಸರಿದವು. ಸಾಫ್ಟ್‌ವೇರ್ ಬದಲಿಸಿ ಕಳೆದುಹೋದ ವೇಗವನ್ನು ಮರಳಿ ತಂದರು.

ಸಿಂಕ್ರಾನ್ ಕಂಪನಿ ತಲೆಬುರುಡೆಗೇ ಕೈ ಹಾಕುವುದಿಲ್ಲ. ಕುತ್ತಿಗೆಯ ರಕ್ತನಾಳದ ಮೂಲಕ ಹೃದಯದ ಸ್ಟೆಂಟ್‌ನಂಥ ಜಾಲರಿಯನ್ನು ಮಿದುಳಿನ ಪಕ್ಕದ ನಾಳದವರೆಗೆ ಒಯ್ಯುತ್ತದೆ. ಅಪಾಯ ಕಡಿಮೆ. ಆದರೆ ಎಲೆಕ್ಟ್ರೋಡ್ 16 ಮಾತ್ರ. ಹಾಗಾಗಿ ಕ್ಲಿಕ್ ಮಾಡಬಹುದು, ಸರಾಗವಾಗಿ ಮಾತು ಹೊರಡಿಸುವುದು ಕಷ್ಟ. ಪ್ರಿಸಿಷನ್ ಎಂಬ ಮತ್ತೊಂದು ಕಂಪನಿ ಚುಚ್ಚದೆ ಮಿದುಳಿನ ಮೇಲೆ ತೆಳು ಹಾಳೆ ಹಾಸುತ್ತದೆ. ಅದಕ್ಕೆ 2025ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಸರಕಾರಿ ಸಂಸ್ಥೆ) ಅನುಮತಿ ಕೊಟ್ಟಿದ್ದು 30 ದಿನದವರೆಗಿನ ಬಳಕೆಗೆ. ಹತ್ತಿರ ಹೋದಷ್ಟೂ ಸಂಕೇತ ಸ್ಪಷ್ಟ, ಹತ್ತಿರ ಹೋದಷ್ಟೂ ಅಪಾಯ ಹೆಚ್ಚು. ಪ್ರತಿ ಕಂಪನಿಯೂ ಈ ಹಗ್ಗದ ಮೇಲೆ ತನ್ನದೊಂದು ಜಾಗ ಆರಿಸಿಕೊಂಡಿದೆ.

ಹಳೆಯ ಯೂಟಾ ಅರೇ ಇವರೆಲ್ಲ ಹೇಳುವಷ್ಟು ಕೆಟ್ಟದ್ದೂ ಅಲ್ಲ. ಬ್ರೈನ್‌ಗೇಟ್ ತಂಡ 14 ಜನರ, ಒಟ್ಟು 12,000 ದಿನಕ್ಕೂ ಮೀರಿದ ಲೆಕ್ಕವನ್ನು 2023ರಲ್ಲಿ ಪ್ರಕಟಿಸಿತು. ಸುರಕ್ಷತೆಯ ಕಾರಣಕ್ಕೆ ಸಾಧನವನ್ನು ಹೊರಗೆ ತೆಗೆಯಬೇಕಾದ ಪ್ರಸಂಗ ಒಂದೂ ಬರಲಿಲ್ಲ. ಸದ್ದಿಲ್ಲದೆ ಬಂದ ಇಂಥ ವರದಿಗಳೇ ಈ ಕ್ಷೇತ್ರದ ನಿಜವಾದ ಬಂಡವಾಳ.

ಕಂಪನಿ ಬಾಗಿಲು ಹಾಕಿದಾಗ

ಈಗ ಆ ಕೊನೆಯ ಪ್ರಶ್ನೆಗೆ ಬರೋಣ. ಹಳೆಯ ‘ಮೊದಲು’ಗಳಿಗೆ ಏನಾಯಿತು?

ಅಮೆರಿಕದಲ್ಲಿ 1997ರಲ್ಲಿ ಫ್ರೀಹ್ಯಾಂಡ್ ಎಂಬ ಸಾಧನಕ್ಕೆ ಅನುಮತಿ ಸಿಕ್ಕಿತ್ತು. ಕೈ ಸ್ವಾಧೀನ ಕಳೆದುಕೊಂಡವರು ಭುಜ ಅಲ್ಲಾಡಿಸಿ ತಮ್ಮದೇ ಬೆರಳನ್ನು ಮುಚ್ಚಿ ತೆರೆಯುವಂತೆ ಅದು ಮಾಡುತ್ತಿತ್ತು. 200ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ಸಾಧನ ಕೆಲಸ ಮಾಡಿತು, ವ್ಯಾಪಾರ ಮಾಡಲಿಲ್ಲ. 2001ರಲ್ಲಿ ಕಂಪನಿ ಅದನ್ನು ಮಾರುಕಟ್ಟೆಯಿಂದ ಹಿಂದೆ ತೆಗೆಯಿತು.

ಆಮೇಲಿನ ಕಥೆ ಆರ್ಗಸ್ 2. ಸೆಕೆಂಡ್ ಸೈಟ್ ಎಂಬ ಕಂಪನಿಯ ಕಣ್ಣಿನ ಇಂಪ್ಲಾಂಟ್. 60 ಎಲೆಕ್ಟ್ರೋಡ್, ಬೆಲೆ ಸುಮಾರು ಒಂದೂವರೆ ಲಕ್ಷ ಡಾಲರ್. 2013ರಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆಗಲೂ ಪತ್ರಿಕೆಗಳಲ್ಲಿ ಈಗಿನಂಥದ್ದೇ ತಲೆಬರಹ ಬಂದಿತ್ತು. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. 2019ರಲ್ಲಿ ಕಂಪನಿ ಇದರ ತಯಾರಿಕೆ ನಿಲ್ಲಿಸಿ, ಮಿದುಳಿಗೆ ಹಾಕುವ ಹೊಸ ಸಾಧನದ ಕಡೆ ಹೊರಳಿತು. 2020ರಲ್ಲಿ ಹಣ ಮುಗಿದು ಬಹುಪಾಲು ಸಿಬ್ಬಂದಿಯನ್ನು ಮನೆಗೆ ಕಳಿಸಿತು.

ಬಳಸುವವರಲ್ಲಿ ಹಲವರಿಗೆ ಇದು ಸರಿಯಾಗಿ ಗೊತ್ತೇ ಆಗಲಿಲ್ಲ. 2022ರಲ್ಲಿ ಅಮೆರಿಕದ ತಂತ್ರಜ್ಞಾನ ಪತ್ರಿಕೆಯೊಂದು ಈ ಕಥೆಯನ್ನು ಹೊರಗೆ ತಂದಾಗ ಅವರ ಪಾಡು ಬೆಳಕಿಗೆ ಬಂತು. ಕನ್ನಡಕ ಕೆಟ್ಟರೆ ರಿಪೇರಿ ಮಾಡುವವರಿಲ್ಲ. ಬಿಡಿಭಾಗ ಸಿಗುವುದಿಲ್ಲ. ಎಂಆರ್‌ಐ ಮಾಡಿಸಬೇಕೆಂದರೆ, ಕಣ್ಣಿನೊಳಗಿನ ಲೋಹ ಸುರಕ್ಷಿತವೇ ಎಂದು ವೈದ್ಯರು ಕೇಳಲು ಕಂಪನಿಯಲ್ಲಿ ಫೋನ್ ಎತ್ತುವವರಿಲ್ಲ. ತೆಗೆಸಿಬಿಡೋಣ ಅಂದರೆ ಅದೂ ಒಂದು ಆಪರೇಷನ್, ಅದರ ಖರ್ಚು ಯಾರದು? ಇಂಪ್ಲಾಂಟ್ ಅಂದರೆ ಫ್ರಿಜ್ಜಲ್ಲ, ಸರ್ವಿಸ್ ನಿಂತರೆ ಬೇರೆ ತಂದು ಇಡೋಣ ಅನ್ನೋದಕ್ಕೆ.

ಆಸ್ಟ್ರೇಲಿಯಾದಲ್ಲಿ ಇದಕ್ಕಿಂತ ಕಹಿ ಪ್ರಸಂಗ ನಡೆದಿದೆ. ಮೂರ್ಛೆ ರೋಗ ಬರುವ ಮುಂಚೆ ಎಚ್ಚರಿಸುವ ಸಾಧನವನ್ನು 2010ರ ಪ್ರಯೋಗದಲ್ಲಿ ಒಬ್ಬ ಮಹಿಳೆಗೆ ಹಾಕಿದ್ದರು. ಅವರ ಬದುಕೇ ಬದಲಾಯಿತು. 2013ರಲ್ಲಿ ಕಂಪನಿಯ ಹಣ ಮುಗಿಯಿತು. ಮನೆ ಅಡ ಇಟ್ಟಾದರೂ ಸಾಧನವನ್ನು ಕೊಂಡುಕೊಳ್ಳುತ್ತೇವೆ ಎಂದು ಅವರೂ ಅವರ ಗಂಡನೂ ಕೇಳಿದರು. ಆಗಲಿಲ್ಲ. ಅವರ ಇಷ್ಟಕ್ಕೆ ವಿರುದ್ಧವಾಗಿ ಅದನ್ನು ಹೊರಗೆ ತೆಗೆದರು.

ಈಗ ಪ್ರೀಮಾ ಕಡೆ ಮತ್ತೆ ನೋಡಿ. ಪ್ರಯೋಗ ಶುರು ಮಾಡಿದ್ದು ಪ್ಯಾರಿಸ್‌ನ ಪಿಕ್ಸಿಯಂ ವಿಷನ್ ಎಂಬ ಕಂಪನಿ. 2021ರಲ್ಲಿ ಇದೇ ಸೆಕೆಂಡ್ ಸೈಟ್ ಜೊತೆ ಒಂದಾಗಲು ಒಪ್ಪಂದ ಮಾಡಿಕೊಂಡಿತ್ತು, ಅದು ಮುರಿದುಬಿತ್ತು. ಆಮೇಲೆ ಪಿಕ್ಸಿಯಂ ಕೂಡ ದಿವಾಳಿಯ ಹಾದಿ ಹಿಡಿಯಿತು. ಆ ಹೊತ್ತಿಗೆ 38 ಜನರ ಕಣ್ಣಿನಲ್ಲಿ ಚಿಪ್ ಕೂತಾಗಿತ್ತು. 2024ರಲ್ಲಿ ನ್ಯೂರಾಲಿಂಕ್‌ನ ಮಾಜಿ ಅಧ್ಯಕ್ಷ ಮ್ಯಾಕ್ಸ್ ಹೋಡಾಕ್ ಅವರ ಸೈನ್ಸ್ ಕಾರ್ಪೊರೇಷನ್ ಬಂದು ಪ್ರೀಮಾವನ್ನು ಕೊಂಡುಕೊಂಡಿತು. ಹಾಗಾಗಿ ಅಕ್ಟೋಬರ್‌ನಲ್ಲಿ ನಾವು ಸಿಹಿ ಸುದ್ದಿ ಓದಿದೆವು. ಕೊಳ್ಳುವವರು ಬಾರದಿದ್ದರೆ ಅದೇ ಚಿಪ್ಪು, ಅದೇ ಫಲಿತಾಂಶ, ಬೇರೆಯೇ ಸುದ್ದಿ ಆಗುತ್ತಿತ್ತು ಅಲ್ವಾ?

ಪದೇ ಪದೇ ಹೀಗಾಗಲು ಕಾರಣ ಸರಳ. ಈ ಕಾಯಿಲೆಗಳಿಂದ ಬಳಲುವವರಲ್ಲಿ ಇಂಪ್ಲಾಂಟ್‌ಗೆ ಹೊಂದುವವರು ಕಡಿಮೆ. ಗಿರಾಕಿ ಕಡಿಮೆ, ಪ್ರತಿಯೊಬ್ಬರ ಮೇಲಿನ ಖರ್ಚು ಭಾರೀ. ಹೂಡಿಕೆದಾರರು ಐದಾರು ವರ್ಷದಲ್ಲಿ ಲಾಭ ಕೇಳುತ್ತಾರೆ. ರೋಗಿಗೆ ಸಾಧನ ಬೇಕಿರುವುದು ಇಪ್ಪತ್ತು, ಮೂವತ್ತು ವರ್ಷ. ಈ ಎರಡು ಗಡಿಯಾರ ಹೊಂದುವುದೇ ಇಲ್ಲ. ಕಾಕ್ಲಿಯರ್ ಇಂಪ್ಲಾಂಟ್ ಉಳಿದದ್ದು ಗಿರಾಕಿ ಸಾಕಷ್ಟಿದ್ದರು ಎಂಬ ಕಾರಣಕ್ಕೆ. ಸರಕಾರ ಮತ್ತು ವಿಮೆ ಹಣ ಕೊಟ್ಟಿತು ಎಂಬ ಕಾರಣಕ್ಕೂ ಹೌದು.

ಆತುರ ಬೇಕೆನ್ನುವವರು, ಶರತ್ತು ಕೇಳುವವರು

ಬೇಗ ಮುಂದೆ ಹೋಗಬೇಕು ಎನ್ನುವ ಕಂಪನಿಗಳ ವಾದಕ್ಕೆ ತೂಕ ಇದೆ. ವಿಶ್ವವಿದ್ಯಾಲಯದ ಪ್ರಯೋಗಾಲಯಗಳು 2004ರಿಂದ ಅದ್ಭುತ ಕೆಲಸ ಮಾಡಿದರೂ, ಮನೆಗೆ ಒಯ್ಯಬಹುದಾದ ಸಾಧನವನ್ನು ಮಾರುಕಟ್ಟೆಗೆ ತರಲಿಲ್ಲ. ಅದಕ್ಕೆ ಬೇಕಾದ ಕೋಟಿಗಟ್ಟಲೆ ಡಾಲರ್ ಖಾಸಗಿ ಹೂಡಿಕೆಯಿಂದಲೇ ಬರಬೇಕು. ನ್ಯೂರಾಲಿಂಕ್ 2025ರಲ್ಲಿ ಒಂದೇ ಸಲ 65 ಕೋಟಿ ಡಾಲರ್ ಎತ್ತಿತು. ಎಎಲ್‌ಎಸ್ ಬಂದವರಲ್ಲಿ ಹೆಚ್ಚಿನವರಿಗೆ ಉಳಿದಿರುವುದು ಕೆಲವೇ ವರ್ಷ. ಅವರಿಗೆ ‘ನಿಧಾನವಾಗಿ ಬರಲಿ’ ಎಂದು ಹೇಳುವುದು ಸುಲಭವಲ್ಲ.

ಇನ್ನೊಂದು ಕಡೆಯವರು ಬೇಡ ಅನ್ನುತ್ತಿಲ್ಲ. ಶರತ್ತು ಹಾಕಿ ಅನ್ನುತ್ತಿದ್ದಾರೆ. ಪ್ರಯೋಗಕ್ಕೆ ಅನುಮತಿ ಕೊಡುವಾಗಲೇ ಮುಂದಿನ ಆರೈಕೆಗೆ ಹಣ ಬೇರೆ ತೆಗೆದಿಡಬೇಕು. ಕನೆಕ್ಟರ್, ಬ್ಯಾಟರಿಗಳಿಗೆ ಎಲ್ಲರಿಗೂ ಒಂದೇ ಅಳತೆ ಇರಬೇಕು. ಕಂಪನಿ ಮುಚ್ಚಿದರೆ ವಿನ್ಯಾಸದ ವಿವರ ಆಸ್ಪತ್ರೆಗಳಿಗೆ ಸಿಗಬೇಕು. ಕಂಪನಿಗಳು ಇದಕ್ಕೆ, ಶುರುವಿನಲ್ಲೇ ಇಷ್ಟು ಹೊರೆ ಹಾಕಿದರೆ ಯಾರೂ ಶುರುವೇ ಮಾಡುವುದಿಲ್ಲ ಎನ್ನುತ್ತವೆ. ಹಣ ತೆಗೆದಿಡುವ ವಿಚಾರದಲ್ಲಿ ಈ ಮಾತು ಸ್ವಲ್ಪ ನಿಜ. ವಿನ್ಯಾಸದ ವಿವರ ಹಂಚುವುದಕ್ಕೆ, ಒಂದೇ ಅಳತೆಯ ಕನೆಕ್ಟರಿಗೆ ಏನು ಅಷ್ಟು ಖರ್ಚು? ಅಲ್ಲಿ ಅವರ ವಾದ ಸೊರಗುತ್ತದೆ.

ಮೂರನೆಯ ದನಿ ಅಂಗವಿಕಲರದ್ದೇ. ಬೆನ್ನುಹುರಿ ಗಾಯವಾದ ಸುಮಾರು 680 ಜನರನ್ನು ‘ಮೊದಲು ಏನು ಮರಳಿ ಬೇಕು’ ಎಂದು ಕೇಳಿದ ಒಂದು ಸಮೀಕ್ಷೆ 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಕೈಕಾಲು ಎರಡೂ ಹೋದವರು ಮೊದಲು ಕೇಳಿದ್ದು ಕೈ. ಕಾಲು ಮಾತ್ರ ಹೋದವರು ಮೊದಲು ಕೇಳಿದ್ದು ಲೈಂಗಿಕ ಶಕ್ತಿ. ಮೂತ್ರ, ಮಲದ ಹಿಡಿತ ಇಬ್ಬರ ಪಟ್ಟಿಯಲ್ಲೂ ಮೇಲಿತ್ತು. ವಿಡಿಯೋಗಳಲ್ಲಿ ನಾವು ನೋಡುವುದು ಮಾತ್ರ ನಡಿಗೆಯನ್ನು. ಮೂತ್ರಕೋಶದ ಇಂಪ್ಲಾಂಟ್‌ಗೆ ಚಪ್ಪಾಳೆ ಬೀಳುವುದಿಲ್ಲ, ಹೂಡಿಕೆಯೂ ಅಷ್ಟಕ್ಕಷ್ಟೇ.

ಕಿವುಡರ ಸಮುದಾಯ ಕಾಕ್ಲಿಯರ್ ಇಂಪ್ಲಾಂಟ್ ಬಗ್ಗೆ ದಶಕಗಳಿಂದ ಎತ್ತುವ ಆಕ್ಷೇಪವೂ ಇಲ್ಲಿ ಸೇರುತ್ತದೆ. ಸಾಧನ ಹಾಕಿದ್ದೇವಲ್ಲ ಎಂದು ಮಗುವಿಗೆ ಸಂಜ್ಞಾ ಭಾಷೆ ಕಲಿಸದೆ ಬಿಟ್ಟರೆ, ಸಾಧನ ಕೈಕೊಟ್ಟ ದಿನ ಮಗುವಿಗೆ ಯಾವ ಭಾಷೆಯೂ ಇರುವುದಿಲ್ಲ ಅನ್ನುವುದು ಅವರ ಮಾತು.

ಕಾನೂನಿನ ಕಡೆಯಿಂದ ಚಲನೆ ಕಾಣುತ್ತಿರುವುದು ದತ್ತಾಂಶದ ವಿಚಾರದಲ್ಲಿ. ಚಿಲಿ 2021ರಲ್ಲಿ ಮಿದುಳಿನ ಚಟುವಟಿಕೆಯ ರಕ್ಷಣೆಯನ್ನು ಸಂವಿಧಾನದಲ್ಲೇ ಸೇರಿಸಿತು. ಅಮೆರಿಕದ ಕೊಲರಾಡೊ ಮತ್ತು ಕ್ಯಾಲಿಫೋರ್ನಿಯಾ 2024ರಲ್ಲಿ ನರದ ದತ್ತಾಂಶವನ್ನು ಸೂಕ್ಷ್ಮ ಮಾಹಿತಿಯ ಪಟ್ಟಿಗೆ ಹಾಕಿದವು. ಯುನೆಸ್ಕೊ 2025ರ ನವೆಂಬರ್‌ನಲ್ಲಿ ನೈತಿಕ ಮಾರ್ಗಸೂಚಿ ಒಪ್ಪಿತು. ಕಂಪನಿಗಳು ಕೈಬಿಟ್ಟ ರೋಗಿಗಳ ಹೊಣೆಯ ಬಗ್ಗೆ ಇಷ್ಟು ಉತ್ಸಾಹ ಕಾಣುತ್ತಿಲ್ಲ.

ನಮ್ಮಲ್ಲಿ ಏನಾಗಬಹುದು

ಕರ್ನಾಟಕದಲ್ಲಿ ಈ ಪ್ರಶ್ನೆ ಈಗಾಗಲೇ ಮನೆ ಬಾಗಿಲಲ್ಲಿದೆ, ಕಾಕ್ಲಿಯರ್ ಇಂಪ್ಲಾಂಟ್ ರೂಪದಲ್ಲಿ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಬಡ ಕುಟುಂಬಗಳ ಚಿಕ್ಕ ಮಕ್ಕಳಿಗೆ ಲಕ್ಷಾಂತರ ರೂಪಾಯಿಯ ಸಾಧನ ಉಚಿತವಾಗಿ ಸಿಗುತ್ತದೆ. ಆಪರೇಷನ್ ಒಂದು ದಿನದ ಕೆಲಸ. ಆಮೇಲೆ ವರ್ಷಗಟ್ಟಲೆ ಮಾತಿನ ತರಬೇತಿ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಅದು ಸಿಗುತ್ತದೆ, ಪ್ರತಿ ತಾಲೂಕಿನಲ್ಲಿ ಸಿಗುವುದಿಲ್ಲ. ಕಿವಿಯ ಹಿಂದಿನ ಪ್ರೊಸೆಸರ್, ಕೇಬಲ್, ಬ್ಯಾಟರಿ ಸವೆಯುತ್ತವೆ. ಹಳೆಯ ಮಾದರಿಯನ್ನು ಕಂಪನಿ ನಿಲ್ಲಿಸಿದರೆ ಹೊಸ ಪ್ರೊಸೆಸರಿಗೆ ಮತ್ತೆ ಲಕ್ಷದ ಮಾತು. ಪಾರ್ಕಿನ್ಸನ್ ಸಾಧನದ ಸಾಮಾನ್ಯ ಬ್ಯಾಟರಿಯನ್ನೂ ಮೂರರಿಂದ ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಅದಕ್ಕೂ ಆಪರೇಷನ್ ಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2025ರಲ್ಲಿ ಪ್ರತೀಕ್ಷಾ ಟ್ರಸ್ಟ್ ನೆರವಿನಿಂದ ಮಿದುಳಿಗೆ ಜೊತೆಗಾರನಾಗಿ ಕೆಲಸ ಮಾಡುವ ಪ್ರೊಸೆಸರ್ ತಯಾರಿಸುವ ಯೋಜನೆ ಶುರು ಮಾಡಿದೆ. ಮೊದಲ ಗುರಿ ಪಾರ್ಶ್ವವಾಯು ಆದವರಿಗೆ ಕೈ ಚಾಚುವುದು, ವಸ್ತು ಹಿಡಿಯುವುದು ಮರಳುವಂತೆ ಮಾಡುವುದು. ಗುರಿಯ ಆಯ್ಕೆ ಚೆನ್ನಾಗಿದೆ. ಪಾರ್ಶ್ವವಾಯು ನಮ್ಮಲ್ಲಿ ಜಾಸ್ತಿ, ಗಿರಾಕಿ ಇಲ್ಲ ಅನ್ನುವ ಸಮಸ್ಯೆ ಇಲ್ಲಿ ಬರುವುದಿಲ್ಲ.

ಮಾತಿನ ಇಂಪ್ಲಾಂಟ್ ನಮ್ಮಲ್ಲಿಗೆ ಬಂದರೆ ಇನ್ನೊಂದು ಅಡ್ಡಿ ಎದುರಾಗುತ್ತದೆ. ಮಿದುಳಿನ ಸಂಕೇತವನ್ನು ಮಾತಾಗಿಸುವ ಈಗಿನ ಡಿಕೋಡರ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಧ್ವನಿಗಳ ಮೇಲೆ ತಯಾರಾದವು. ಕನ್ನಡದಲ್ಲಿ ತ ಮತ್ತು ಟ ಬೇರೆ, ಲ ಮತ್ತು ಳ ಬೇರೆ, ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ. ನಾಲಿಗೆಯ ಈ ಚಲನೆಗಳನ್ನು ಯಂತ್ರಕ್ಕೆ ಹೊಸದಾಗಿ ಕಲಿಸಬೇಕು. ನಮ್ಮ ಪದಗಳು ಪ್ರತ್ಯಯ ಅಂಟಿಸಿಕೊಂಡು ಉದ್ದವಾಗುತ್ತವೆ. ಹಾಗಾಗಿ 1,25,000 ಪದಗಳ ಪಟ್ಟಿ ಇಂಗ್ಲಿಷಿಗೆ ಸಾಕಾದರೂ ಕನ್ನಡಕ್ಕೆ ಸಾಲದು. ಸ್ಯಾನ್ ಫ್ರಾನ್ಸಿಸ್ಕೋ ತಂಡ 2024ರಲ್ಲಿ ಒಬ್ಬರಲ್ಲೇ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡನ್ನೂ ಹಿಡಿದು ತೋರಿಸಿದೆ. ಆದ್ದರಿಂದ ಇದು ಆಗದ ಕೆಲಸವೇನಲ್ಲ. ಆದರೆ ಕನ್ನಡದ ಗಣಕ ಭಾಷಾ ಕೆಲಸ ಈಗಿನಿಂದಲೇ ಗಟ್ಟಿಯಾಗಿದ್ದರೆ ಮಾತ್ರ.

ಕಾನೂನಿನ ಕಡೆ ನೋಡಿದರೆ, ನಮ್ಮ 2023ರ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ‘ಸೂಕ್ಷ್ಮ ಮಾಹಿತಿ’ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಮಿದುಳಿನ ಸಂಕೇತಕ್ಕೂ ಮೊಬೈಲ್ ನಂಬರಿಗೂ ಒಂದೇ ಮಟ್ಟದ ರಕ್ಷಣೆ. ಪ್ರಯೋಗಕ್ಕೆ ಬರುವವರಿಗೆ ಸದ್ಯಕ್ಕೆ ಉಳಿಯುವ ಆಧಾರ ಅಂದರೆ ಅವರು ಸಹಿ ಹಾಕುವ ಒಪ್ಪಿಗೆ ಪತ್ರ. ಪ್ರಯೋಗ ಮುಗಿದ ಮೇಲೆ ಸಾಧನ ಯಾರದು, ರಿಪೇರಿ ಯಾರು ಮಾಡುತ್ತಾರೆ, ತೆಗೆಯಬೇಕಾದರೆ ಖರ್ಚು ಯಾರು ಕೊಡುತ್ತಾರೆ, ಕಂಪನಿ ಮಾರಾಟವಾದರೆ ದತ್ತಾಂಶ ಎಲ್ಲಿಗೆ ಹೋಗುತ್ತದೆ ಎಂಬ ನಾಲ್ಕು ಸಾಲು ಆ ಪತ್ರದಲ್ಲಿ ಇದೆಯೇ ಎಂದು ಆಸ್ಪತ್ರೆಯ ನೈತಿಕ ಸಮಿತಿ ಕೇಳಬಹುದು. ಅದಕ್ಕೆ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ.